ಸೆರೆಮನೆಯ ಲಾಡಿ, ಯಾತ್ರಿಕನ ದಾರಿ

ಜಾನ್ ಬನಿಯನ್ ಪಾತ್ರೆ ರಿಪೇರಿ ಮಾಡಿ ಬದುಕುತ್ತಿದ್ದವನು. ಅನುಮತಿಯಿಲ್ಲದೆ ಬೋಧನೆ ಮಾಡಿದನೆಂದು 1660ರಲ್ಲಿ ಇಂಗ್ಲೆಂಡಿನ ಬೆಡ್‌ಫರ್ಡ್ ಸೆರೆಮನೆಗೆ ಹಾಕಿದರು. ಇನ್ನು ಬೋಧಿಸುವುದಿಲ್ಲ ಎಂದು ಒಂದು ಮಾತು ಕೊಟ್ಟಿದ್ದರೆ ಬಿಡುಗಡೆಯಾಗುತ್ತಿತ್ತು. ಅವನು ಕೊಡಲಿಲ್ಲ, ಹೊರಬಂದದ್ದು 1672ರಲ್ಲಿ. ಆ ಸೆರೆವಾಸದ ಫಲವೆಂದೇ ಜಗತ್ತು ಓದುತ್ತ ಬಂದಿರುವ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ 1678ರಲ್ಲಿ ಅಚ್ಚಾಯಿತು. ಬಾಸೆಲ್ ಮಿಶನ್ನಿನವರು 19ನೇ ಶತಮಾನದಲ್ಲೇ ಅದನ್ನು ‘ಯಾತ್ರಿಕನ ಸಂಚಾರ’ವಾಗಿ ಕನ್ನಡಕ್ಕೆ ತಂದರು.

ಈ ಪುಸ್ತಕವನ್ನು ಕರ್ನಾಟಕ-ಮಹಾರಾಷ್ಟ್ರ ಗಡಿನಾಡಿನಲ್ಲಿ ಕೂತು ಓದಿದರೆ ಕೆಲವು ಪುಟಗಳು ಬೇರೆಯಾಗಿಯೇ ತಾಗುತ್ತವೆ. ಕೊರೊನಾ ಸೋಂಕಿಗೆ ಹೆದರಿ 2020ರ ಮಾರ್ಚ್ 25ರಂದು ದೇಶವೇ ಬಾಗಿಲು ಹಾಕಿತು. ಏಪ್ರಿಲ್ 10ರ ಗುಡ್ ಫ್ರೈಡೆ, 12ರ ಈಸ್ಟರ್ ಎರಡೂ ಮನೆಯೊಳಗೇ ಮುಗಿದವು. ರಾಯಬಾಗ ತಾಲ್ಲೂಕಿನ ಕುಡಚಿಯಲ್ಲಿ ಸೋಂಕು ಹಬ್ಬಿ ಊರಿಗೆ ಊರೇ ಬಂದ್ ಆಯಿತು. ನಿಪ್ಪಾಣಿಯಾಚೆ ಕೊಗನೊಳ್ಳಿಯಲ್ಲಿ ಚೆಕ್‌ಪೋಸ್ಟ್. ಅಥಣಿ, ಕಾಗವಾಡದವರು ಕಾಯಿಲೆ ಬಿದ್ದರೆ ಓಡುವ ಊರು ಮಿರಜ್. ವಿಲಿಯಂ ವಾನ್‌ಲೆಸ್ ಎಂಬ ಮಿಶನರಿ ವೈದ್ಯರು 1894ರಲ್ಲಿ ಆಸ್ಪತ್ರೆ ತೆರೆದದ್ದು ಅಲ್ಲೇ. ಆ ಮಿರಜ್ ಆಗ ದಾಟಲಾಗದ ಗಡಿಯಾಚೆಯ ಊರಾಯಿತು. ಇಂಥ ದಿನಗಳಲ್ಲಿ ದೇವರು ಕೊಟ್ಟ ಹೊತ್ತನ್ನು ಏನು ಮಾಡಬೇಕು ಎಂದು ಕೇಳಿಕೊಂಡವರಿಗೆ ಬನಿಯನ್ನನ ಉತ್ತರವೇನು?

ಕಥೆಯ ಮೊದಲ ಪುಟಗಳ ಉತ್ತರ ಒಪ್ಪುವಂಥದ್ದಲ್ಲ. ಕ್ರಿಶ್ಚಿಯನ್ ಎಂಬ ನಾಯಕ ನಾಶವಾಗಲಿರುವ ಊರು ಬಿಟ್ಟು ಓಡುತ್ತಾನೆ. ಹೆಂಡತಿ ಮಕ್ಕಳು ಕೂಗಿ ಕರೆದರೆ ಕಿವಿಗೆ ಬೆರಳಿಟ್ಟುಕೊಳ್ಳುತ್ತಾನೆ. ತನ್ನೊಬ್ಬನ ಆತ್ಮ ಉಳಿದರೆ ಸಾಕೆನ್ನುವ ಈ ಓಟವನ್ನು ಏಕಾಂತದ ಆದರ್ಶವೆಂದು ಬೋಧಿಸುವುದು ಅಪಾಯ. ಮನೆಯಲ್ಲಿ ಅಕ್ಕಿ ತೀರಿದಾಗ ಒಬ್ಬನೇ ಕೋಣೆ ಸೇರಿ ಬೈಬಲ್ ಮುಗಿಸಿದವನನ್ನು ಯಾವ ಸಭೆಯೂ ಹೊಗಳಬಾರದು.

ಲೇಖಕ ಬದುಕಿದ್ದು ಹೀಗಲ್ಲ. ಸೆರೆಮನೆಯ ಹೊರಗೆ ಹೆಂಡತಿ ಎಲಿಜಬೆತ್ ಮತ್ತು ನಾಲ್ವರು ಮಕ್ಕಳು, ಹಿರಿಯವಳು ಕುರುಡಿ. ಎಲಿಜಬೆತ್ ನ್ಯಾಯಾಧೀಶರ ಮುಂದೆ ನಿಂತು ಗಂಡನ ಬಿಡುಗಡೆಗೆ ವಾದಿಸಿದಳು. ಅವನು ಒಳಗೆ ಕೂತು ತುದಿಗೆ ಲೋಹದ ಮೊನೆ ಕೂಡಿಸಿದ ಲಾಡಿಗಳನ್ನು ನೂರಾರು ಗ್ರೋಸ್ ಲೆಕ್ಕದಲ್ಲಿ ಮಾಡಿ ಸಂಸಾರ ಸಾಗಿಸಲು ನೋಡಿದ. ಸಾವಿರಕ್ಕೆ ಇಷ್ಟು ಎಂಬ ಕೂಲಿಗೆ ಮನೆಯಲ್ಲೇ ಬೀಡಿ ಕಟ್ಟುವ ನಿಪ್ಪಾಣಿಯ ಹೆಂಗಸರಿಗೆ ಆ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಪ್ರಾರ್ಥನೆ, ಬರವಣಿಗೆ, ಲಾಡಿ ಮೂರೂ ಒಂದೇ ದಿನದೊಳಗಿದ್ದವು. ಬನಿಯನ್ನನ ಸೆರೆವಾಸದ ಹಿರಿಮೆ ಇಲ್ಲಿದೆ. ಅವನ ಪುಸ್ತಕವನ್ನು ಹೊಗಳುವವರು ಇದನ್ನೇ ಮರೆಯುತ್ತಾರೆ.

ಕೃತಿಯ ಅತ್ಯುತ್ತಮ ಭಾಗ ಸಂದೇಹದ ಕೋಟೆ. ನಿರಾಶೆ ಎಂಬ ರಾಕ್ಷಸ ಕ್ರಿಶ್ಚಿಯನ್ನನನ್ನೂ ಅವನ ಜೊತೆಗಾರ ಹೋಪ್‌ಫುಲ್‌ನನ್ನೂ ಬುಧವಾರದಿಂದ ಶನಿವಾರದವರೆಗೆ ಕತ್ತಲ ಕೋಣೆಯಲ್ಲಿ ಕೂಡಿಹಾಕಿ ಹೊಡೆಯುತ್ತಾನೆ, ಸತ್ತುಬಿಡಿ ಎಂದು ಬುದ್ಧಿ ಹೇಳುತ್ತಾನೆ. ಕ್ರಿಶ್ಚಿಯನ್ ಅದಕ್ಕೆ ಮನಸ್ಸು ಮಾಡುವಷ್ಟು ಸೋತಿರುತ್ತಾನೆ. ವಾಗ್ದಾನವೆಂಬ ಬೀಗದಕೈ ತನ್ನ ಎದೆಯಲ್ಲೇ ಇದೆಯೆಂದು ನೆನಪಾಗಿ ಬಾಗಿಲು ತೆರೆಯುವ ಘಟನೆ ಉಪದೇಶಕರಿಗೆ ಅಚ್ಚುಮೆಚ್ಚು. ಕಥೆಯಾಗಿ ಅದು ತೀರ ಸುಲಭದ ಪಾರು. ಅದಕ್ಕೂ ಮುಂಚೆ, ಸಾಯಬೇಡ, ಈ ಹಿಂದೆ ಏನೇನನ್ನು ಗೆದ್ದು ಬಂದೆ ನೆನೆಸಿಕೋ ಎಂದು ಹೋಪ್‌ಫುಲ್ ಹಿಡಿದು ನಿಲ್ಲಿಸುತ್ತಾನಲ್ಲ, ಆ ಮಾತುಕತೆ ಸೆರೆ ಕಂಡವನೇ ಬರೆಯಬಲ್ಲದ್ದು. ಜೊತೆಗಾರ ಇಲ್ಲದಿದ್ದರೆ ಬೀಗದಕೈ ನೆನಪಾಗುವ ಹೊತ್ತಿಗೆ ಕ್ರಿಶ್ಚಿಯನ್ ಉಳಿದಿರುತ್ತಲೇ ಇರಲಿಲ್ಲ.

ನಾಯಕ ಹೆಂಡತಿ ಮಕ್ಕಳನ್ನು ಬಿಟ್ಟುಹೋದ ಕೊರತೆ ಬನಿಯನ್ನನನ್ನೂ ಕಾಡಿರಬೇಕು. 1684ರಲ್ಲಿ ಎರಡನೇ ಭಾಗ ಬರೆದು ಕ್ರಿಶ್ಚಿಯನ್ನನ ಹೆಂಡತಿ ಕ್ರಿಸ್ಟಿಯಾನಾ, ಮಕ್ಕಳು, ನೆರೆಯ ಹುಡುಗಿ ಮರ್ಸಿ ಎಲ್ಲರನ್ನೂ ಅದೇ ದಾರಿಗೆ ಹೊರಡಿಸಿದ. ಅಲ್ಲಿ ಕುಂಟುತ್ತ ಬರುವವನಿಗಾಗಿ ಗುಂಪೇ ನಿಧಾನವಾಗುತ್ತದೆ. ರಚನೆ ಸಡಿಲ, ಬೋಧನೆ ಹೆಚ್ಚು. ಆದರೂ ಕ್ರೈಸ್ತ ಬದುಕಿನ ಚಿತ್ರವಾಗಿ ಮೊದಲ ಭಾಗಕ್ಕಿಂತ ಪೂರ್ಣ. ಸಭೆಗಳಲ್ಲಿ ಈ ಪುಸ್ತಕ ಓದಿಸುವವರು ಕ್ರಿಸ್ಟಿಯಾನಾಳ ಭಾಗವನ್ನು ಬಿಡದೆ ಓದಿಸಲಿ.