ಸೂರ್ಯನ ಚಿತ್ರ ಓದಲು ಪದವಿ ಬೇಕೆ?

2012ರ ಮಾರ್ಚ್‌ನಲ್ಲಿ ಒಂದು ವಿಡಿಯೊ ಜಗತ್ತೆಲ್ಲ ಸುತ್ತಿತು. ಸೂರ್ಯನ ಅಂಚಿನಲ್ಲಿ ಕಪ್ಪನೆಯ ದೊಡ್ಡ ಗುಂಡು. ಅದಕ್ಕೂ ಸೂರ್ಯನಿಗೂ ನಡುವೆ ಕೊಳವೆಯಂಥ ಎಳೆ. ನೋಡನೋಡುತ್ತ ಗುಂಡು ಕಳಚಿಕೊಂಡು ಹೊರಟೇ ಹೋಗುತ್ತದೆ. ಗ್ರಹದಷ್ಟು ದೊಡ್ಡ ಅನ್ಯಲೋಕದ ನೌಕೆಯೊಂದು ಸೂರ್ಯನಿಂದ ಇಂಧನ ಹೀರಿಕೊಂಡು ಹೋಯಿತು ಎಂದು ಸುದ್ದಿಯಾಯಿತು. ಚಿತ್ರವೇನೋ ನಕಲಿಯಲ್ಲ, ನಾಸಾದ ಸೌರ ಉಪಗ್ರಹ ಎಸ್‌ಡಿಒ ತೆಗೆದ ಅಸಲಿ ಚಿತ್ರ. ಅದರಲ್ಲಿ ಇದ್ದದ್ದು ಕಾಂತಕ್ಷೇತ್ರ ಎತ್ತಿ ಹಿಡಿದಿದ್ದ ತಂಪು ಅನಿಲದ ಎಳೆ, ಮತ್ತು ಅದರ ಮೇಲೆ ಉದ್ದಕ್ಕೆ ಚಾಚಿಕೊಂಡಿದ್ದ ಟೊಳ್ಳು. ಆ ಟೊಳ್ಳನ್ನು ಬಾಯಿಯ ಕಡೆಯಿಂದ ನೋಡಿದಾಗ ದುಂಡಗೆ ಕಂಡಿತ್ತು, ಅಷ್ಟೇ.

ಇಂಥದ್ದು ಬಂದಾಗಲೆಲ್ಲ ನಮ್ಮಲ್ಲಿ ಓದಿಕೊಂಡವರು ಆಡುವ ಮಾತು ಹೆಚ್ಚುಕಡಿಮೆ ಒಂದೇ. ಉಪಗ್ರಹದ ಚಿತ್ರ ಓದುವುದು ವಿಜ್ಞಾನಿಗಳ ಕೆಲಸ, ಕಂಡಕಂಡವರ ಕೈಗೆ ಕೊಟ್ಟರೆ ಹೀಗೇ ಆಗುವುದು, ತಜ್ಞರು ಹೇಳಿದ್ದನ್ನು ನಂಬಿ ಸುಮ್ಮನಿರಬೇಕು. ಟಿ.ವಿ. ಚರ್ಚೆಯಲ್ಲೂ ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಇದೇ ಉತ್ತರ. ಉದ್ದೇಶ ಒಳ್ಳೆಯದೇ. ಆದರೆ ಮಾತು ತಪ್ಪು. ತಪ್ಪು ಅನ್ನುವುದಕ್ಕೆ ಸಾಕ್ಷಿ ಬೇಕಿದ್ದರೆ ಅದೇ ಸೂರ್ಯನ ಚಿತ್ರಗಳ ಇತಿಹಾಸ ನೋಡಿದರೆ ಸಾಕು.

ಐರೋಪ್ಯ ಬಾಹ್ಯಾಕಾಶ ಸಂಸ್ಥೆಯೂ ನಾಸಾವೂ ಸೇರಿ 1995ರ ಡಿಸೆಂಬರ್ 2ರಂದು ಸೋಹೊ ನೌಕೆಯನ್ನು ಹಾರಿಸಿದವು. ಭೂಮಿಯಿಂದ ಸೂರ್ಯನ ಕಡೆಗೆ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿ ನಿಂತು ಸೂರ್ಯನನ್ನು ಎಡೆಬಿಡದೆ ನೋಡುವುದು ಅದಕ್ಕೆ ಕೊಟ್ಟ ಕೆಲಸ. ಅದರಲ್ಲಿರುವ ಲಾಸ್ಕೊ ಉಪಕರಣ ಸೂರ್ಯಬಿಂಬಕ್ಕೆ ಒಂದು ತಟ್ಟೆ ಅಡ್ಡ ಹಿಡಿದು, ಸುತ್ತಲಿನ ಮಂದ ಪ್ರಭಾವಲಯದ ಚಿತ್ರ ತೆಗೆಯುತ್ತದೆ. ಧೂಮಕೇತು ಹುಡುಕಬೇಕೆಂದು ಅದನ್ನು ಕಟ್ಟಿದವರು ಯಾರೂ ಅಂದುಕೊಂಡಿರಲಿಲ್ಲ. ಆದರೆ ಸೂರ್ಯನ ಸಮೀಪಕ್ಕೆ ಧಾವಿಸಿ ಬೆಂದುಹೋಗುವ ಸಣ್ಣ ಸಣ್ಣ ಧೂಮಕೇತುಗಳು ಆ ಚಿತ್ರಗಳಲ್ಲಿ ಒಂದರ ಹಿಂದೆ ಒಂದು ಕಾಣಿಸಿಕೊಳ್ಳತೊಡಗಿದವು. 2024ರ ಮಾರ್ಚ್‌ನಲ್ಲಿ ಸೋಹೊ ಲೆಕ್ಕ 5000 ಮುಟ್ಟಿತು. ಮನುಷ್ಯರ ಇತಿಹಾಸದಲ್ಲಿ ಇಷ್ಟು ಧೂಮಕೇತುಗಳನ್ನು ಕಂಡ ಉಪಕರಣ ಇನ್ನೊಂದಿಲ್ಲ.

ಕಂಡವರು ಯಾರು? ಬಹುಪಾಲು ಸಂಬಳವಿಲ್ಲದ ಹವ್ಯಾಸಿಗಳು. ಸಾವಿರದ ಗಡಿ ದಾಟಿಸಿದ್ದು 2005ರ ಆಗಸ್ಟ್‌ನಲ್ಲಿ ಇಟಲಿಯ ಶಾಲಾ ಮಾಸ್ತರ ಟೋನಿ ಸ್ಕಾರ್ಮಾಟೊ. ಎರಡು ಸಾವಿರದ್ದು 2010ರ ಕೊನೆಯಲ್ಲಿ ಪೋಲೆಂಡಿನ ಕ್ರಾಕೋವ್‌ನ ವಿದ್ಯಾರ್ಥಿ ಮಿಖಾಲ್ ಕುಸಿಯಾಕ್‌ಗೆ ಸಿಕ್ಕಿತು. ಮೂರು ಸಾವಿರದ್ದನ್ನು 2015ರಲ್ಲಿ ಥಾಯ್ಲೆಂಡಿನ ವರಚೇಟ್ ಬೂನ್‌ಪ್ಲೋಡ್ ಹಿಡಿದರು. ಐದು ಸಾವಿರದ್ದನ್ನು ಕಂಡ ಹಾಂಜಿಯೆ ಟಾನ್ ಆ ಹೊತ್ತಿಗೆ ಪ್ರಾಗ್‌ನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದರು ನಿಜ, ಆದರೆ ಈ ಹುಡುಕಾಟಕ್ಕೆ ಇಳಿದಾಗ ಅವರ ವಯಸ್ಸು ಹದಿಮೂರು. ಇವರಿಗೆಲ್ಲ ದುಡ್ಡೂ ಇಲ್ಲ, ಹೆಸರೂ ಇಲ್ಲ. ಬೇರೆ ಧೂಮಕೇತುಗಳಿಗೆ ಕಂಡವರ ಹೆಸರು ಇಡುತ್ತಾರೆ, ಇಲ್ಲಿ ಹೆಸರು ಹೋಗುವುದು ನೌಕೆಗೆ.

ಹೋಗಲಿ, ಹವ್ಯಾಸಿಗಳು ಚುಕ್ಕೆ ಆರಿಸಿ ಕೊಟ್ಟರು, ಅರ್ಥ ಹಚ್ಚಿದವರು ತಜ್ಞರೇ ಅಲ್ಲವೆ ಎನ್ನಬಹುದು. ಅದೂ ಪೂರ್ತಿ ನಿಜವಲ್ಲ. ಸೋಹೊ ಕಂಡ ಧೂಮಕೇತುಗಳಲ್ಲಿ ಶೇ. 85ರಷ್ಟು ಕ್ರಾಯ್ಟ್ಸ್ ಕುಟುಂಬದವು. ಬಹು ಹಿಂದೆ ಒಡೆದುಹೋದ ಒಂದು ದೊಡ್ಡ ಧೂಮಕೇತುವಿನ ಚೂರುಗಳು ಅವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಹೈನ್‌ರಿಖ್ ಕ್ರಾಯ್ಟ್ಸ್ ಅವುಗಳ ನಂಟನ್ನು ಗುರುತಿಸಿದ್ದರು. ಉಳಿದವುಗಳಲ್ಲೂ ಬೇರೆ ಗುಂಪುಗಳಿವೆ ಎಂಬುದು ಈ ಶತಮಾನದಲ್ಲಷ್ಟೇ ತಿಳಿದದ್ದು. ಅವುಗಳಲ್ಲಿ ಒಂದಕ್ಕೆ ಮೈಯರ್ ಗುಂಪು, ಇನ್ನೊಂದಕ್ಕೆ ಕ್ರಾಖ್ಟ್ ಗುಂಪು ಎಂದು ಹೆಸರು. ಮೈಕ್ ಮೈಯರ್, ರೈನರ್ ಕ್ರಾಖ್ಟ್ ಇಬ್ಬರೂ ಜರ್ಮನಿಯ ಹವ್ಯಾಸಿಗಳು. ಚದುರಿ ಬಿದ್ದಿದ್ದ ಚುಕ್ಕೆಗಳ ಕಕ್ಷೆಗಳನ್ನು ಎದುರುಬದುರು ಇಟ್ಟು, ಇವು ಒಂದೇ ಮೂಲದವು ಎಂದು ಕಂಡುಕೊಂಡವರು. ವೃತ್ತಿನಿರತ ಖಗೋಳಜ್ಞರು ಆ ಹೆಸರುಗಳನ್ನು ಇಂದಿಗೂ ತಮ್ಮ ಪ್ರಬಂಧಗಳಲ್ಲಿ ಬಳಸುತ್ತಾರೆ.

ಹಾಗಾದರೆ ಹಾರುವ ತಟ್ಟೆ ಕಂಡವನಿಗೂ ಧೂಮಕೇತು ಕಂಡವನಿಗೂ ವ್ಯತ್ಯಾಸ ಎಲ್ಲಿದೆ? ಪದವಿಯಲ್ಲಿ ಇಲ್ಲ, ಕಣ್ಣಿನಲ್ಲೂ ಇಲ್ಲ. ಇಬ್ಬರೂ ನೋಡುವುದು ಅವೇ ಚಿತ್ರಗಳನ್ನು. ಒಬ್ಬ ಒಂದು ಚಿತ್ರಕ್ಕೆ ನಿಲ್ಲುತ್ತಾನೆ. ಇನ್ನೊಬ್ಬ ಮುಂದಿನ ಚಿತ್ರ ತೆರೆಯುತ್ತಾನೆ.

ಆ ಕೆಲಸವನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು. ಲಾಸ್ಕೊದ ಸಿ2 ಕ್ಯಾಮೆರಾ ಸುಮಾರು 12 ನಿಮಿಷಕ್ಕೊಂದು ಚಿತ್ರ ಕಳಿಸುತ್ತದೆ. ಉದ್ದ ಅಗಲ ಎರಡೂ 1024 ಪಿಕ್ಸೆಲ್. ನಡುವೆ ಸೂರ್ಯನನ್ನು ಮುಚ್ಚಿದ ತಟ್ಟೆ, ಸುತ್ತ ಪ್ರಭಾವಲಯದ ಕಿರಣಗಳು, ಅವುಗಳ ಹಿಂದೆ ನಕ್ಷತ್ರಗಳು. ಭೂಮಿಯ ಜೊತೆಗೇ ನೌಕೆಯೂ ಸೂರ್ಯನನ್ನು ಸುತ್ತುವುದರಿಂದ ನಕ್ಷತ್ರಗಳೆಲ್ಲ ದಿನಕ್ಕೆ ಸುಮಾರು ಒಂದು ಡಿಗ್ರಿಯಂತೆ ಎಡದಿಂದ ಬಲಕ್ಕೆ ಸರಿಯುತ್ತವೆ. ಅವುಗಳ ಜೊತೆ ಸರಿಯುವ ಚುಕ್ಕೆ ನಕ್ಷತ್ರ, ಬಿಡಿ. ಒಂದೇ ಚಿತ್ರದಲ್ಲಿ ಹೊಳೆದು ಮುಂದಿನದರಲ್ಲಿ ಇಲ್ಲದ ಗೀರು ಕ್ಯಾಮೆರಾಕ್ಕೆ ಬಡಿದ ಕಾಸ್ಮಿಕ್ ಕಿರಣ. ದೊಡ್ಡ ಸೌರಸ್ಫೋಟವಾದಾಗ ವೇಗದ ಪ್ರೋಟಾನುಗಳು ಬಂದು ಇಡೀ ಚಿತ್ರಕ್ಕೆ ಬಿಳಿ ಚುಕ್ಕೆ ಎರಚುತ್ತವೆ. 2000ದ ಜುಲೈ, 2003ರ ಅಕ್ಟೋಬರ್ ಚಿತ್ರಗಳನ್ನು ನೋಡಿದವರಿಗೆ ಅದು ಗೊತ್ತು. ಇವೆಲ್ಲ ಹೋಗಿ, ನಾಲ್ಕಾರು ಚಿತ್ರಗಳ ಉದ್ದಕ್ಕೂ ಒಂದೇ ಹಾದಿಯಲ್ಲಿ, ಲೆಕ್ಕಕ್ಕೆ ಸಿಗುವ ವೇಗದಲ್ಲಿ ಸೂರ್ಯನ ಕಡೆ ಸಾಗುವ ಮಸುಕು ಚುಕ್ಕೆಯೊಂದು ಉಳಿದರೆ, ಹುಡುಕುವವ ಅದರ ಮೇಲೆ ಕೈಯಿಡುತ್ತಾನೆ. ಪ್ರತಿ ಚಿತ್ರದ ಸಮಯ, ಆ ಚುಕ್ಕೆ ಇರುವ ಪಿಕ್ಸೆಲ್ ಎರಡನ್ನೂ ಬರೆದು ಕಳಿಸುತ್ತಾನೆ. ಅಮೆರಿಕದ ನೌಕಾ ಸಂಶೋಧನಾಲಯದ ಕಾರ್ಲ್ ಬ್ಯಾಟಮ್ಸ್ ನಡೆಸುವ ಸನ್‌ಗ್ರೇಜರ್ ಯೋಜನೆಯಲ್ಲಿ ಅದರ ಪರಿಶೀಲನೆ ಆಗುತ್ತದೆ. ಅಲ್ಲ ಎಂದು ಬಂದರೆ ಅಲ್ಲ. ಮರುದಿನ ಮತ್ತೆ ಚಿತ್ರ ತೆರೆಯುತ್ತಾನೆ.

ಈ ‘ಅಲ್ಲ’ ಅನ್ನಿಸಿಕೊಳ್ಳಲು ಸಿದ್ಧವಾಗಿರುವುದೇ ಇಲ್ಲಿ ಬೇಕಾದ ಅರ್ಹತೆ ಎಂದು ನಾನು ತಿಳಿದಿದ್ದೇನೆ. ವಿಚಿತ್ರ ಹುಡುಕುವವರಲ್ಲಿ ಇಲ್ಲದ್ದು ಅದೊಂದೇ. ಅವರ ಕಣ್ಣು ಹಲವು ಸಲ ಬಹಳ ಚುರುಕು. 2011ರ ಡಿಸೆಂಬರ್‌ನಲ್ಲಿ, ಸೂರ್ಯನನ್ನು ನೋಡುವ ಇನ್ನೊಂದು ನೌಕೆ ಸ್ಟೀರಿಯೊದ ಚಿತ್ರದಲ್ಲಿ ಸೂರ್ಯನಿಂದ ಹೊರಟ ಅನಿಲದ ಅಲೆ ಬುಧ ಗ್ರಹವನ್ನು ದಾಟುವಾಗ, ಬುಧನ ಪಕ್ಕದಲ್ಲೇ ಇನ್ನೊಂದು ವಸ್ತು ಬೆಳಗಿದ್ದನ್ನು ಅಂಥವರೇ ಗುರುತಿಸಿದರು. ಅದೃಶ್ಯವಾಗಿ ನಿಂತ ನೌಕೆ ಎಂದರು. ಅಲ್ಲಿ ನಿಜವಾಗಿಯೂ ಏನೋ ಇತ್ತು. ಮಂದ ಬೆಳಕನ್ನು ಎದ್ದು ಕಾಣಿಸಲು ಹಿನ್ನೆಲೆಯ ಬೆಳಕನ್ನು ಕಳೆಯುತ್ತಾರೆ. ಆ ಹಿನ್ನೆಲೆಯಲ್ಲಿ ಹಿಂದಿನ ದಿನದ ಬುಧನೂ ಸೇರಿಕೊಂಡಿದ್ದ. ಕಳೆದಾಗ ಅವನಿದ್ದ ಜಾಗದಲ್ಲಿ ಅವನದೇ ಗುರುತು ಉಳಿಯಿತು. ನೌಕಾ ಸಂಶೋಧನಾಲಯದ ವಿಜ್ಞಾನಿಗಳು ಇದನ್ನು ಬಿಡಿಸಿ ಹೇಳಿದರು. ಕಂಡವರು ಹಿಂದಿನ ದಿನದ ಚಿತ್ರ ತೆರೆದು ಬುಧ ಎಲ್ಲಿದ್ದ ಎಂದು ನೋಡಿದ್ದರೆ ಉತ್ತರ ಅವರಿಗೇ ಸಿಗುತ್ತಿತ್ತು. ಅದಕ್ಕೆ ಪಿಎಚ್‌.ಡಿ. ಬೇಕಿರಲಿಲ್ಲ.

ಸೋಹೊ ಚಿತ್ರಗಳಲ್ಲಿ ರೆಕ್ಕೆಯುಳ್ಳ ಹಾರುವ ತಟ್ಟೆ ಕಂಡಿತು ಎಂಬ ಕಥೆಯೂ ಇಂಥದ್ದೇ. ಶುಕ್ರನಂಥ ಪ್ರಖರ ಗ್ರಹ ಕ್ಯಾಮೆರಾದೊಳಗೆ ಬಂದರೆ ಪಿಕ್ಸೆಲ್‌ಗಳು ತುಂಬಿ, ವಿದ್ಯುದಂಶ ಅದೇ ಸಾಲಿನ ಅಕ್ಕಪಕ್ಕದ ಪಿಕ್ಸೆಲ್‌ಗಳಿಗೆ ಚೆಲ್ಲುತ್ತದೆ, ಗ್ರಹದ ಎರಡೂ ಬದಿಗೆ ಬಿಳಿ ಗೆರೆ ಮೂಡುತ್ತದೆ. ಇನ್ನು ಲಾಸ್ಕೊದ ಇನ್ನೊಂದು ಕ್ಯಾಮೆರಾ ಸಿ3ರ ಚಿತ್ರದಲ್ಲಿ, ಸೂರ್ಯನನ್ನು ಮುಚ್ಚುವ ತಟ್ಟೆಯನ್ನು ಹಿಡಿದ ಕಂಬದ ಕಪ್ಪು ನೆರಳು ಒಮ್ಮೆ ಒಂದು ಮೂಲೆಯಲ್ಲಿ, ಕೆಲವು ತಿಂಗಳ ಮೇಲೆ ಎದುರು ಮೂಲೆಯಲ್ಲಿ ಕಾಣುವುದುಂಟು. 2003ರಲ್ಲಿ ಸೋಹೊದ ಆಂಟೆನಾ ಕೆಟ್ಟು ನಿಂತಿತು. ಅಂದಿನಿಂದ ಭೂಮಿಯ ಸಂಪರ್ಕ ತಪ್ಪದಿರಲೆಂದು ಸುಮಾರು ಮೂರು ತಿಂಗಳಿಗೊಮ್ಮೆ ನೌಕೆಯನ್ನೇ ತಲೆಕೆಳಗು ಮಾಡುತ್ತಾರೆ. ಇಷ್ಟು ತಿಳಿಯದವರಿಗೆ ಆ ನೆರಳೂ ಗುಟ್ಟಾಗಿ ಕಾಣುತ್ತದೆ.

ಚಿತ್ರಗಳನ್ನು ಮುಚ್ಚಿಡುತ್ತಾರೆ ಎಂಬ ಆಪಾದನೆ ನನಗೆ ಒಂದು ದಿನವೂ ಒಪ್ಪಿಗೆಯಾಗಿಲ್ಲ. ಇವು ತಿದ್ದಿ ತೀಡಿ ಹೊರಬಿಟ್ಟ ಚಿತ್ರಗಳಲ್ಲ, ಗೀರು, ಕಲೆ, ಖಾಲಿ ಚೌಕಗಳ ಸಮೇತ ಬಂದಹಾಗೆ ಹೊರಬೀಳುತ್ತವೆ. ತಜ್ಞರ ಎಣಿಕೆ ತಪ್ಪಿದ್ದೂ ಎಲ್ಲರ ಕಣ್ಣೆದುರೇ. ಆಸ್ಟ್ರೇಲಿಯದ ಹವ್ಯಾಸಿ ಟೆರಿ ಲವ್‌ಜಾಯ್ ಕಂಡುಹಿಡಿದ ಧೂಮಕೇತು 2011ರ ಡಿಸೆಂಬರ್ 16ರಂದು ಸೂರ್ಯನ ಮೇಲ್ಮೈಯಿಂದ ಬರೀ 1 ಲಕ್ಷ 40 ಸಾವಿರ ಕಿ.ಮೀ. ಎತ್ತರದಲ್ಲಿ ಹಾದುಹೋಯಿತು. ಬೆಂದುಹೋಗುತ್ತದೆ ಎಂದುಕೊಂಡಿದ್ದವರ ಮುಂದೆ ಅದು ಸೂರ್ಯನ ಆಚೆ ಬದಿಯಿಂದ ಹೊರಬಂತು. ಎರಡು ವರ್ಷದ ಮೇಲೆ ಐಸಾನ್ ಎಂಬ ಧೂಮಕೇತು ಬಂದಾಗ ಉಲ್ಟಾ ಆಯಿತು. ಶತಮಾನದ ಧೂಮಕೇತು ಎಂದು ಪತ್ರಿಕೆಗಳು ಕೊಂಡಾಡಿದ್ದ ಅದು 2013ರ ನವೆಂಬರ್ 28ರಂದು ಸೂರ್ಯನ ಬಳಿ ಚೂರಾಯಿತು. ಎರಡನ್ನೂ ಲೋಕದ ಜನ ವಿಜ್ಞಾನಿಗಳ ಜೊತೆಜೊತೆಗೇ ನೋಡಿದರು.

ಹಾಗಿದ್ದೂ ಸಂಶಯ ಯಾಕೆ ಬೆಳೆಯುತ್ತದೆ? ಅದರಲ್ಲಿ ಒಂದು ಪಾಲು ನಮ್ಮ ‘ನಂಬಿ ಸುಮ್ಮನಿರಿ’ ಎಂಬ ಉತ್ತರದ್ದು. ಪ್ರಶ್ನೆ ಕೇಳಿದವನನ್ನು ಚಿತ್ರದ ಹತ್ತಿರಕ್ಕೆ ಕರೆಯುವ ಬದಲು ಆಚೆಗೆ ತಳ್ಳಿದರೆ, ಅವನು ಕರೆಯುವವರ ಹತ್ತಿರ ಹೋಗುತ್ತಾನೆ. ಗುಟ್ಟಿನ ವ್ಯಾಪಾರಿಗಳು ಯಾವಾಗಲೂ ಬಾಗಿಲು ತೆರೆದೇ ಇಟ್ಟಿರುತ್ತಾರೆ. 2025ರ ಜುಲೈ 1ರಂದು ಚಿಲಿಯ ದೂರದರ್ಶಕಕ್ಕೆ ಸಿಕ್ಕ, ಸೌರವ್ಯೂಹದ ಹೊರಗಿನಿಂದ ಬಂದ 3ಐ/ಅಟ್ಲಾಸ್ ಧೂಮಕೇತುವಿನ ವಿಷಯದಲ್ಲೂ ಇದನ್ನೇ ಕಂಡೆವು. ಒಂದು ಕಡೆ ಅನ್ಯಲೋಕದ ನೌಕೆ ಎಂಬ ಗದ್ದಲ, ಇನ್ನೊಂದು ಕಡೆ ಮೂರ್ಖರು ಎಂಬ ಬೈಗುಳ. ಅಕ್ಟೋಬರ್‌ನಲ್ಲಿ ಅದು ಭೂಮಿಯಿಂದ ಕಾಣದಂತೆ ಸೂರ್ಯನ ಆಚೆಗೆ ಸರಿದಾಗಲೂ ಸೌರ ಉಪಗ್ರಹಗಳ ಚಿತ್ರಗಳಲ್ಲಿ ಕಾಣುತ್ತಲೇ ಇತ್ತು. ಆ ಚಿತ್ರ ಹೇಗೆ ನೋಡಬೇಕೆಂದು ಹೇಳಿಕೊಟ್ಟವರು ಎರಡೂ ಕಡೆ ಕಡಿಮೆ.

ಇನ್ನು ಇದೆಲ್ಲ ಕಂಪ್ಯೂಟರ್ ಮಾಡುವ ಕೆಲಸ, ಮನುಷ್ಯರು ಯಾಕೆ ಎನ್ನುವವರಿದ್ದಾರೆ. ಕಂಪ್ಯೂಟರ್ ಮಾಡಲಿ, ನನ್ನ ತಕರಾರಿಲ್ಲ. ಆದರೆ ಚುಕ್ಕೆ ಹುಡುಕುವುದರಲ್ಲಿ ಒಬ್ಬ ಹುಡುಗಿ ಕಲಿಯುವುದನ್ನು ಯಂತ್ರ ಅವಳ ಪರವಾಗಿ ಕಲಿತು ಕೊಡಲಾರದು.

ಈ ಮಾತು ಕರ್ನಾಟಕಕ್ಕೆ ದೂರದ್ದಲ್ಲ. 2023ರ ಸೆಪ್ಟೆಂಬರ್ 2ರಂದು ಹಾರಿದ ಭಾರತದ ಸೌರ ನೌಕೆ ಆದಿತ್ಯ-ಎಲ್1 ಈಗ ಸೋಹೊ ಇರುವ ಆ ಪ್ರದೇಶದಲ್ಲೇ ಸುತ್ತುತ್ತಿದೆ. ಪ್ರಭಾವಲಯ ನೋಡುವ ಅದರ ಮುಖ್ಯ ಉಪಕರಣವನ್ನು ಕಟ್ಟಿದ್ದು ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ, ತನ್ನ ಹೊಸಕೋಟೆಯ ಆವರಣದಲ್ಲಿ. ಅದು ಸೂರ್ಯನಿಗೆ ತೀರ ಹತ್ತಿರದ ಭಾಗವನ್ನಷ್ಟೇ ನೋಡುವುದರಿಂದ ಸೋಹೊದಂತೆ ಧೂಮಕೇತುಗಳ ರಾಶಿ ಸಿಗಲಾರದು. ಆದರೆ ಮಾಹಿತಿ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನ ಇಸ್ರೊ ಕೇಂದ್ರದ ಮೂಲಕ ಸಾರ್ವಜನಿಕರಿಗೂ ತೆರೆದಿದೆ. ನಮ್ಮ ಪಿಯು ಕಾಲೇಜುಗಳ ಭೌತಶಾಸ್ತ್ರದ ಮೇಷ್ಟ್ರುಗಳು ವರ್ಷಕ್ಕೆ ಒಂದು ವಾರವಾದರೂ ಮಕ್ಕಳನ್ನು ಈ ಚಿತ್ರಗಳ ಮುಂದೆ ಕೂರಿಸಬೇಕು. ಇದಕ್ಕೆ ದೂರದರ್ಶಕ ಬೇಡ, ಮೋಡವಿಲ್ಲದ ರಾತ್ರಿಯೂ ಬೇಡ.

ನಿಮ್ಮ ಫೋನಿಗೂ ಒಂದು ದಿನ ಸೂರ್ಯನ ಪಕ್ಕ ನೌಕೆ ನಿಂತ ಚಿತ್ರ ಬಂದೀತು. ಕಳಿಸಿದ ಹುಡುಗನನ್ನು ದಯವಿಟ್ಟು ಗದರಬೇಡಿ. ಯಾವ ಉಪಗ್ರಹದ್ದು, ಯಾವ ತಾರೀಕಿನದು, ಎಷ್ಟು ಗಂಟೆಯದು ಎಂದು ಕೇಳಿ. ಸೋಹೊ ಚಿತ್ರವಾದರೆ ಅದರ ಹಿಂದಿನದೂ ಮುಂದಿನದೂ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಅವನ್ನು ತೆರೆದು ಅವನ ಜೊತೆ ಕೂತು ನೋಡಿ.