ಬಾಸ್ ಇಲ್ಲದ ಹೊಳೆಗೆ ಬಾಸ್ ರಾಡು

ಭಾನುವಾರ ಬೆಳಿಗ್ಗೆ ಚಿಕ್ಕಪಡಸಲಗಿ ಕಡೆಯ ಕೃಷ್ಣೆಯ ದಂಡೆಗೆ ಹೋದರೆ ಈಗ ಹೊಸ ನೋಟವೊಂದು ಕಾಣುತ್ತದೆ. ಕಬ್ಬಿನ ಹೊಲದ ಬದುವಿಗೆ ಬೈಕು ನಿಲ್ಲಿಸಿ, ಉದ್ದನೆಯ ಚೀಲ ಬಿಚ್ಚಿ, ಒಂದಲ್ಲ, ಮೂರು ನಾಲ್ಕು ರಾಡು ಹೊರತೆಗೆಯುವವರು ಸಿಗುತ್ತಾರೆ. ರಬ್ಬರ್ ಕಪ್ಪೆಗೆ ಗಟ್ಟಿ ರಾಡು, ತಗಡಿನ ಚಮಚಕ್ಕೆ ಉದ್ದ ರಾಡು, ಪ್ಲಾಸ್ಟಿಕ್ ಮೀನಿಗೆ ತೆಳು ರಾಡು. ಒಂದೊಂದಕ್ಕೂ ಬೇರೆ ರೀಲು, ಬೇರೆ ದಾರ. ಅಂಥವರಲ್ಲಿ ನಾನೂ ಒಬ್ಬನಾಗಿದ್ದೆ. ಒಂದು ದಿನ ನಾನು ಇದನ್ನೆಲ್ಲ ಸಾಲಾಗಿ ಹರಡಿಕೊಂಡದ್ದನ್ನು ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ ಅಂಬಿಗರ ಹಿರಿಯರೊಬ್ಬರು ಬಹಳ ಹೊತ್ತು ನೋಡಿದರು. ಅವರ ಕೈಯಲ್ಲಿದ್ದದ್ದು ಒಂದು ಬಿದಿರು ಕೋಲು, ಜೋಳದ ದಂಟಿನ ಬೆಂಡು. ಕಡೆಗೆ ಕೇಳಿಯೇಬಿಟ್ಟರು: "ಅಲ್ರಿ ಸರ, ಇಷ್ಟ ಬಡಿಗಿ ತಂದೀರಲ್ಲ, ನಿಮಗ ಕೈ ಎಷ್ಟ ಅದಾವ್ರಿ?"

ನನ್ನ ತಕರಾರು ಹುಟ್ಟಿದ್ದು ಆ ಪ್ರಶ್ನೆಯಿಂದ. ಗಾಳದ ಹವ್ಯಾಸಿಗಳ ನಡುವೆ ಈಗ ಬಲವಾಗಿ ನೆಲೆಯೂರಿದ ನಂಬಿಕೆಗಳು ಎರಡು. ಬಗೆಗೊಂದರಂತೆ ರಾಡು-ರೀಲಿನ ಜೋಡಿ ಇಲ್ಲದವನು ಪಳಗಿದ ಗಾಳಗಾರನಲ್ಲ ಎಂಬುದು ಒಂದು. ಉರುಳೆ ಅಲುಗದೆ ದಾರ ಜಾರಿಬರುವ ಸ್ಪಿನ್ನಿಂಗ್ ರೀಲು ಮಕ್ಕಳಾಟ, ಉರುಳೆಯೇ ತಿರುಗಿ ದಾರ ಬಿಡುವ ಬೇಟ್‌ಕಾಸ್ಟರೇ ಗಂಡಸರ ರೀಲು ಎಂಬುದು ಇನ್ನೊಂದು. ಎರಡೂ ಅಮೆರಿಕದ ಬಾಸ್ ಮೀನಿನ ಬೇಟೆಯಿಂದ ಬಂದವು. ಬಾಸ್ ಕೃಷ್ಣೆಯಲ್ಲಿಲ್ಲ, ಘಟಪ್ರಭೆಯಲ್ಲೂ ಇಲ್ಲ.

ಬಾಸ್ ಹೊಂಚುಗಾರ ಮೀನು. ಕೆರೆಯಲ್ಲಿ ಬಿದ್ದ ಮರ, ಜೊಂಡು, ಬಂಡೆಯ ಮರೆಯಲ್ಲಿ ನಿಂತು, ಎದುರು ಹಾದುಹೋದದ್ದನ್ನು ಬಕ್ಕನೆ ನುಂಗುತ್ತದೆ. ಅದರ ಬಾಯಿ ದೊಡ್ಡದು, ಗಟ್ಟಿ. ಅದಕ್ಕಾಗಿ ತುದಿ ಮಾತ್ರ ಬಾಗುವ ಬಿರುಸು ರಾಡು, ಹಿಗ್ಗದ ಹೆಣಿಗೆ ದಾರ, ಮೀನನ್ನು ಜೊಂಡಿನಿಂದ ಸರಕ್ಕನೆ ಎಳೆದು ತರುವ ರೀಲು ಬೇಕಾದವು. ಅಲ್ಲಿ ಅದು ಸರಿಯೇ. ಆದರೆ ಅಲ್ಲಿಯೂ ರಾಶಿ ಸಾಮಾನು ಕಡ್ಡಾಯವೇನಲ್ಲ. ದೊಡ್ಡಬಾಯಿ ಬಾಸ್‌ನ ವಿಶ್ವದಾಖಲೆ 1932ರ ಜೂನ್ 2ರದು. ಜಾರ್ಜಿಯಾದ ಮಾಂಟ್ಗೊಮರಿ ಲೇಕ್‌ನಲ್ಲಿ ಜಾರ್ಜ್ ಪೆರಿ ಎಂಬ ಬಡ ರೈತ ಹತ್ತು ಕಿಲೋ ದಾಟಿದ ಮೀನು ಹಿಡಿದ. ಅವನೂ ಅವನ ಗೆಳೆಯನೂ ಒಂದೇ ರಾಡನ್ನು ಸರದಿಯಲ್ಲಿ ಹಿಡಿದಿದ್ದರು. ಆ ಮೀನನ್ನು ಮನೆಮಂದಿ ಅಡುಗೆ ಮಾಡಿ ಉಂಡರು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಅದಕ್ಕೆ ಸರಿಸಮನಾದ ಮೀನು ಹಿಡಿದದ್ದು ಜೀವಂತ ಮೀನನ್ನು ಗಾಳಕ್ಕೆ ಚುಚ್ಚಿ.

ನಮ್ಮ ನೀರಿನ ಕಥೆ ಬೇರೆ. ಇಲ್ಲಿ ಗಾಳಕ್ಕೆ ಹೆಚ್ಚಾಗಿ ಬೀಳುವುದು ರೋಹು, ಕಾಟ್ಲಾ, ಮೃಗಾಲ್, ಗೆಂಡೆ, ಜಿಲೇಬಿ. ರೋಹು ಮೇವನ್ನು ಹೀರಿ ನೋಡುತ್ತದೆ. ಅದರ ತುಟಿ ಮೃದು, ಅಂಚಿಗೆ ಕುಚ್ಚು. ನಾನು ಮೊದಲ ವರ್ಷ ಕಪ್ಪೆ ರಾಡಿಗೆ ಹೆಣಿಗೆ ದಾರ ಹಾಕಿ, ಕಣಕದ ಉಂಡೆ ಕಟ್ಟಿ ಕೂತೆ. ಮೀನು ಎಳೆದೊಡನೆ ಚಿತ್ರಗಳಲ್ಲಿ ಕಂಡಂತೆ ಎರಡೂ ಕೈಯಿಂದ ಜಗ್ಗಿದೆ. ಗಾಳ ಮಾತ್ರ ಹಿಂದಕ್ಕೆ ಬಂತು, ಅದರ ಮೊನೆಗೆ ತುಟಿಯ ಬಿಳಿ ಚೂರು. ಬಿರುಸು ಕೋಲು ಬಾಗುವುದಿಲ್ಲ, ಹೆಣಿಗೆ ದಾರ ಹಿಗ್ಗುವುದಿಲ್ಲ. ಹೀಗಿರುವಾಗ ಜಗ್ಗಿದ ಬಲವೆಲ್ಲ ಹೋಗಿ ಬೀಳುವುದು ಆ ತುಟಿಯ ಮೇಲೆ. ರಾಡಿನ ಮೈಮೇಲೆ ಬರೆದಿರುವ ಬಲ ಎಷ್ಟು, ಬಾಗು ಎಂಥದು ಎಂಬ ಎರಡು ಮಾತು ಬೇರೆ ಬೇರೆ ಎಂದು ನನಗೆ ತಿಳಿದದ್ದು ಅವತ್ತು. ಬಲ ಎಂದರೆ ಎಷ್ಟು ತೂಕ ತಾಳುತ್ತದೆ. ಬಾಗು ಎಂದರೆ ಎಲ್ಲಿಂದ ಬಗ್ಗುತ್ತದೆ. ರೋಹುವಿಗೆ ಬೇಕಾದ್ದು ನಡುವಿನಿಂದ ಬಗ್ಗುವ ಕೋಲು, ತುಸು ಹಿಗ್ಗುವ ನೈಲಾನ್ ದಾರ.

ಇನ್ನು ರೀಲಿನ ಜಗಳ. ಬೇಟ್‌ಕಾಸ್ಟರ್‌ನ ಮೂಲಪುರುಷ ಕೆಂಟಕಿಯ ಗಡಿಯಾರ ಮಾಡುವವ ಜಾರ್ಜ್ ಸ್ನೈಡರ್, ಕಾಲ 19ನೇ ಶತಮಾನದ ಆರಂಭ. ಸ್ಪಿನ್ನಿಂಗ್ ರೀಲಿಗೆ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ಉಣ್ಣೆ ಗಿರಣಿ ಮಾಲೀಕ ಆಲ್ಫ್ರೆಡ್ ಇಲಿಂಗ್‌ವರ್ತ್, 1905ರಲ್ಲಿ. ನೂಲಿನ ಕಂಡಿಕೆಯಿಂದ ಎಳೆ ಹೇಗೆ ಬಿಚ್ಚಿಕೊಳ್ಳುತ್ತದೆ ಎಂದು ನೋಡಿ ಅವನಿಗೆ ಅದು ಹೊಳೆಯಿತು. ಇದನ್ನು ಓದಿದ ಮೇಲೆ ನಾನು ಬನಹಟ್ಟಿಯ ನೇಕಾರ ಗೆಳೆಯನ ಮನೆಗೆ ಹೋಗಿ, ಮಗ್ಗದ ಪಕ್ಕ ನನ್ನ ಎರಡೂ ರೀಲುಗಳನ್ನು ಇಟ್ಟೆ. ಅವನು ಮೀನು ಹಿಡಿದವನಲ್ಲ. ಲಾಳಿ ಎತ್ತಿ ತೋರಿಸಿದ. ಒಳಗೆ ಕಂಡಿಕೆ ಅಲುಗದೆ ಕೂತಿದೆ, ಎಳೆ ಅದರ ಮೂತಿಯ ಮೇಲಿಂದ ಜಾರಿ ಬರುತ್ತದೆ. ಲಾಳಿ ತಟ್ಟನೆ ನಿಂತರೆ ಎಳೆಯೂ ನಿಂತಿತು, ಏಕೆಂದರೆ ತಿರುಗುವ ವಸ್ತುವೇ ಇಲ್ಲ. "ಇದು ನಮ್ಮದ," ಎಂದು ಸ್ಪಿನ್ನಿಂಗ್ ರೀಲಿನ ಮೇಲೆ ಬೆರಳಿಟ್ಟ. ಬೇಟ್‌ಕಾಸ್ಟರ್ ಕೈಗೆತ್ತಿ ಉರುಳೆ ತಿರುವಿ ನೋಡಿದ. "ಇದು ತಿರುಗಿಕೋತ ಬಿಡ್ತೈತಿ. ಮುಂದಿನ ಎಳಿ ನಿಂತರೂ ಇದು ನಿಲ್ಲಂಗಿಲ್ಲ. ಸಿಕ್ಕ ಆಗದ ಏನ್ ಆಗ್ತೈತಿ?"

ಬೇಟ್‌ಕಾಸ್ಟರ್ ಕೊಂಡ ಪ್ರತಿಯೊಬ್ಬನೂ ದಂಡೆಯಲ್ಲಿ ಕೂತು ಹಕ್ಕಿಗೂಡಿನಂಥ ಆ ಸಿಕ್ಕನ್ನು ಬಿಡಿಸಿದ್ದಾನೆ. ಹಗುರ ಮೇವು ಎಸೆದಾಗ, ಎದುರುಗಾಳಿ ಬೀಸಿದಾಗ ಮೇವು ನಿಧಾನವಾಗುತ್ತದೆ, ಉರುಳೆ ತಿರುಗುತ್ತಲೇ ಇರುತ್ತದೆ. ಹೆಬ್ಬೆರಳಿನಿಂದ ತಡೆಯುವುದನ್ನು ಕಲಿಯಬೇಕು. ಕಲಿತವನಿಗೆ ಅದು ಕರಾರುವಾಕ್ಕಾದ ಸಾಧನ, ಭಾರದ ಮೇವನ್ನು ಹೇಳಿದ ಜಾಗಕ್ಕೆ ಇಳಿಸುತ್ತದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೀಳಗಿ ಕಡೆಯ ಆಲಮಟ್ಟಿ ಹಿನ್ನೀರಿನಲ್ಲಿ, ನೀರು 519.6 ಮೀಟರ್‌ಗೆ ತುಂಬಿ ಸಮುದ್ರದಂತೆ ಹರಡಿದಾಗ, ಬೀಸುಗಾಳಿಗೆ ಕಣಕದ ಉಂಡೆ ಎಸೆಯುವವನಿಗೆ ಅದರಿಂದ ಉಪಯೋಗವೇನು? ಸ್ಪಿನ್ನಿಂಗ್ ರೀಲಿಗೂ ದೋಷವಿದೆ, ದಾರಕ್ಕೆ ತಿರುಚು ಬೀಳುತ್ತದೆ. ಮೀನು ದಾರ ಎಳೆಯುತ್ತಿರುವಾಗ ಹಿಡಿಕೆ ತಿರುಗಿಸುತ್ತ ಹೋದರೆ ಇನ್ನೂ ಹೆಚ್ಚು. ಆಗ ಕೈ ನಿಲ್ಲಿಸಬೇಕು, ಅಷ್ಟೆ.

ಅದೇ ಮಗ್ಗದಲ್ಲಿ ಇನ್ನೊಂದು ಪಾಠ ಸಿಕ್ಕಿತು. ಹಾಸಿನ ಉರುಳೆಗೆ ಹಗ್ಗ ಸುತ್ತಿ ತೂಕ ನೇತುಹಾಕಿರುತ್ತಾರೆ. ಬಟ್ಟೆ ಮುಂದೆ ಸರಿದಂತೆ ಹಾಸು ಬಿಟ್ಟುಕೊಡಬೇಕು, ಆದರೆ ಸಡಿಲಾಗಬಾರದು. ತೂಕ ಹೆಚ್ಚಾದರೆ ಎಳೆ ಕಡಿಯುತ್ತದೆ, ಕಡಿಮೆಯಾದರೆ ಬಟ್ಟೆ ಕೆಡುತ್ತದೆ. ರೀಲಿನ ಡ್ರ್ಯಾಗ್ ಎಂದರೆ ಇದೇ. ದಾರ ತಾಳುವ ತೂಕದ ಮೂರನೇ ಒಂದು ಪಾಲಿನ ಎಳೆತಕ್ಕೆ ಅದು ಬಿಡಲು ತೊಡಗಬೇಕು. ದಾರದ ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ನೋಡಿದರೆ ಐದು ನಿಮಿಷದ ಕೆಲಸ. ಸಾವಿರಾರು ರೂಪಾಯಿ ಸುರಿದ ಎಷ್ಟೋ ಮಂದಿ ಇದೊಂದನ್ನು ಮಾಡುವುದಿಲ್ಲ. ಡಬ್ಬಿಯ ಮೇಲಿನ "ಹತ್ತು ಬೇರಿಂಗ್, ಹನ್ನೆರಡು ಬೇರಿಂಗ್" ಓದಿ ಮರುಳಾಗುತ್ತಾರೆ. ಬೇರಿಂಗಿನ ಎಣಿಕೆ ಅದರ ಗುಣ ಹೇಳುವುದಿಲ್ಲ. ನುಣ್ಣಗೆ ಬಿಡುವ ಡ್ರ್ಯಾಗ್ ಇದ್ದರೆ ನಾಲ್ಕು ಬೇರಿಂಗಿನ ರೀಲೂ ಸಾಕು.

ಇಷ್ಟು ಹೇಳಿದೆನೆಂದು "ಅಜ್ಜನ ಬಿದಿರು ಕೋಲೇ ಶ್ರೇಷ್ಠ, ಉಳಿದದ್ದೆಲ್ಲ ಸೋಗು" ಎನ್ನುವವರ ಪಂಗಡಕ್ಕೂ ನಾನು ಸೇರಿದವನಲ್ಲ. ಅದು ಇನ್ನೊಂದು ಬಗೆಯ ಸೋಮಾರಿ ಅಭಿಪ್ರಾಯ. ಸಲಕರಣೆಯ ಚಿಂತೆ ನಮಗೆ ಹೊರಗಿನಿಂದ ಬಂದದ್ದೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೇ ಒಂದು ಭಾಗವಿದೆ: ಕೋಲು, ದಾರ, ಗಾಳಗಳ ವಿವರವೂ ಇದೆ, ಯಾವ ಮೀನಿಗೆ ಯಾವ ಮೇವು ಎಂಬುದೂ ಇದೆ. ದೊರೆ ಕೋಲು ಕೊಂಡು ಆಮೇಲೆ ಮೀನು ಹುಡುಕಲಿಲ್ಲ. ಮೀನನ್ನು ಅರಿತು ಸಲಕರಣೆಗೆ ಬಂದ. ನಾವು ಈಗ ಅದನ್ನು ತಿರುಗಾಮುರುಗಾ ಮಾಡಿದ್ದೇವೆ.

ಬಿದಿರು ಕೋಲಿಗೆ ಮಿತಿ ಇದೆ. ಕೋಲಿನ ಉದ್ದದಷ್ಟೇ ದಾರ. ದಂಡೆಯಿಂದ ನಾಲ್ಕು ಮಾರು ಆಚೆಗೆ ಅದರ ಆಟ ನಡೆಯದು. ಬೇಸಿಗೆಯಲ್ಲಿ ಹಿನ್ನೀರು ಸರಿದು, ಮೀನು ದೂರದ ಮಡುವಿಗೆ ಇಳಿದಾಗ ಅಜ್ಜನ ಕೋಲು ಹಿಡಿದವನು ಮೊಣಕಾಲುದ್ದ ನೀರಿಗೆ ಇಳಿಯುತ್ತಾನೆ. ಕೃಷ್ಣೆಯಲ್ಲಿ ಮೊಸಳೆ ಇರುವುದು ಗೊತ್ತಿದ್ದವರು ಹಾಗೆ ಮಾಡುವುದಿಲ್ಲ. ಇನ್ನು ಮರಲ್ ಎಂದು ಕರೆಯುವ ಕೊರವ ಮೀನು. ಹಿಪ್ಪರಗಿಯಲ್ಲಿ, 1989ರಲ್ಲಿ ರೈತರೇ ದುಡ್ಡು ಕೂಡಿಸಿ ಬೆವರು ಸುರಿಸಿ ಕಟ್ಟಿದ ಚಿಕ್ಕಪಡಸಲಗಿಯಲ್ಲಿ, ಬ್ಯಾರೇಜಿನ ಹಿಂದೆ ನಿಂತ ನೀರಿನ ಅಂಚಿಗೆ ಜೊಂಡು, ಅಂತರಗಂಗೆ ಬೆಳೆದಲ್ಲಿ ಅದು ಹೊಂಚು ಹಾಕುತ್ತದೆ. ಎಲುಬಿನ ಬಾಯಿ, ಹಲ್ಲು, ಬಾಸ್‌ನದೇ ಸ್ವಭಾವ. ಇದೊಂದಕ್ಕೆ ಮಾತ್ರ ಅಮೆರಿಕದವರ ಬಿರುಸು ರಾಡು, ಹೆಣಿಗೆ ದಾರ, ರಬ್ಬರ್ ಕಪ್ಪೆ ನಿಜಕ್ಕೂ ಒಪ್ಪುತ್ತವೆ. ಕೆಂಪು-ಕಿತ್ತಳೆ ಬಣ್ಣದ ಮರಿಗಳ ಗುಂಪನ್ನು ಕಾಯುತ್ತಿರುವ ತಾಯಿ-ತಂದೆ ಮೀನಿನ ತಲೆಯ ಮೇಲೆ ಕಪ್ಪೆ ಎಸೆಯುವುದನ್ನು ಜಾಣತನ ಎನ್ನುವವರಿದ್ದಾರೆ. ಕಾವಲಿಗಿದ್ದ ಮೀನು ಹಸಿವಿಗಲ್ಲ, ಸಿಟ್ಟಿಗೆ ಕಚ್ಚುತ್ತದೆ. ಅದನ್ನು ಎತ್ತಿಕೊಂಡರೆ ಮರಿಗಳು ಉಳಿದ ಮೀನುಗಳ ಪಾಲು. ಇದಕ್ಕೆ ಯಾವ ರಾಡೂ ಬೇಡ, ನಾಚಿಕೆ ಬಿಟ್ಟರೆ ಸಾಕು.

ಹಾಗಾದರೆ ಕೊಳ್ಳುವುದೇನು? ನಮ್ಮ ಕಡೆಯ ನೀರಿಗೆ ನನ್ನ ಲೆಕ್ಕದಲ್ಲಿ ಏಳಡಿಯ, ಮಧ್ಯಮ ಬಲದ, ನಡುವಿನಿಂದ ಬಗ್ಗುವ ಒಂದು ರಾಡು, ಮೂರು ಸಾವಿರದ ಅಳತೆಯ ಒಂದು ಸ್ಪಿನ್ನಿಂಗ್ ರೀಲು. ಮೂರು ಸಾವಿರ ಎಂದರೆ ಬೆಲೆಯಲ್ಲ, ರೀಲಿನ ಗಾತ್ರ. ಅಂಗಡಿಯಲ್ಲಿ ಗೊಂದಲ ಮಾಡಿಕೊಳ್ಳಬೇಡಿ. ಕೊರವದ ಹುಚ್ಚು ಹಿಡಿದರೆ ಮಾತ್ರ ಎರಡನೆಯದು. ಉಳಿದ ದುಡ್ಡು ಒಳ್ಳೆಯ ಗಾಳಕ್ಕೆ, ವರ್ಷಕ್ಕೊಮ್ಮೆ ಹೊಸ ದಾರಕ್ಕೆ. ಹಿನ್ನೀರಿನಲ್ಲಿ ಮುಳುಗಿದ ಜಾಲಿ ಬೊಡ್ಡೆಗಳಿಗೆ ಗಾಳ ಸಿಕ್ಕುವುದು ಖಂಡಿತ. ಆದ್ದರಿಂದ ತುದಿಯ ಒಂದು ಮೊಳ ದಾರ ಮುಖ್ಯ ದಾರಕ್ಕಿಂತ ತೆಳುವಾಗಿರಲಿ, ಕಡಿದರೆ ಅಷ್ಟೇ ಹೋಗುತ್ತದೆ. ಗಂಟು ಹಾಕುವಾಗ ಎಂಜಲು ಹಚ್ಚಿ ನಿಧಾನವಾಗಿ ಬಿಗಿಯಿರಿ. ನೇಕಾರ ಗೆಳೆಯ ಕಣ್ಣು ಮಿಟುಕಿಸುವಷ್ಟರಲ್ಲಿ ಹಾಕುವ ಗಂಟು ಹತ್ತಿಯ ನೂಲಿಗೆ ಅದ್ಭುತ, ನೈಲಾನಿನಲ್ಲಿ ಜಾರುತ್ತದೆ. ನನ್ನೆದುರೇ ಎರಡು ಸಲ ಜಾರಿತು. ಅವನಿಗೆ ನಂಬಿಕೆಯೇ ಬರಲಿಲ್ಲ.

ಮೇವಿನ ಮಾತು ಬಂದಾಗ ಮುಧೋಳದವರು ತಮ್ಮೂರ ಕವಿ ರನ್ನನನ್ನು ನೆನೆಯಬೇಕು. ಅವನ ಕಾವ್ಯದಲ್ಲಿ ವೈಶಂಪಾಯನ ಸರೋವರದ ತಳದಲ್ಲಿ ಅಡಗಿದ್ದ ದುರ್ಯೋಧನನನ್ನು ಭೀಮ ಹೊರಗೆ ತಂದದ್ದು ಗದೆಯಿಂದಲ್ಲ, ಮೂದಲೆಯಿಂದ. ಯಾರಿಗೆ ಯಾವುದು ತಾಕುತ್ತದೆಂದು ಅವನಿಗೆ ಗೊತ್ತಿತ್ತು. ಘಟಪ್ರಭೆಯ ರೋಹುವಿಗೆ ತಾಕುವುದು ಶೇಂಗಾ ಹಿಂಡಿ ಬೆರೆಸಿದ ಕಣಕ. ಹಿಂದಿನ ಸಂಜೆಯೇ ಆ ಜಾಗಕ್ಕೆ ಒಂದೆರಡು ಮುಷ್ಟಿ ಎರಚಿದ್ದರೆ ಇನ್ನೂ ಒಳ್ಳೆಯದು. ಜಲಾಶಯದಲ್ಲಿ ಹಿಡಿಯಲು ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು, ರಾಡಿಗಿಂತ ಮೊದಲು ಅದನ್ನು ಕೇಳಿ. ಬ್ಯಾರೇಜಿನ ಗೇಟಿನ ಕೆಳಗೆ ಎಂದೂ ನಿಲ್ಲಬೇಡಿ, ನೀರು ಬಿಡುವವರಿಗೆ ನೀವು ಕಾಣುವುದಿಲ್ಲ.

ನನ್ನ ಬೇಟ್‌ಕಾಸ್ಟರ್ ಮಾರಾಟಕ್ಕಿದೆ. ಕೇಳಿಕೊಂಡು ಇಬ್ಬರು ಬಂದಿದ್ದರು. ಮೊದಲು ಬನಹಟ್ಟಿಗೆ ಹೋಗಿ ಒಂದು ಲಾಳಿ ನೋಡಿಕೊಂಡು ಬನ್ನಿ ಎಂದು ಕಳಿಸಿದೆ. ಇನ್ನೂ ತಿರುಗಿ ಬಂದಿಲ್ಲ.