ದೊಡ್ಡಗದ್ದವಳ್ಳಿಯ ಬೇತಾಳಗಳು ದ್ವಾರಪಾಲಕರೇ?

ಹೊಯ್ಸಳ ಶಿಲ್ಪ ಎಂದೊಡನೆ ಬೇಲೂರು, ಹಳೇಬೀಡು ಎನ್ನುವುದು ರೂಢಿ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಏರಿದ್ದೂ ಇವೆರಡು ಮತ್ತು ಸೋಮನಾಥಪುರ. ಬೇಲೂರಿಗೂ ಮೂರ್ನಾಲ್ಕು ವರ್ಷ ಮೊದಲು, 1113ರ ಸುಮಾರಿಗೆ, ವರ್ತಕ ಕುಲ್ಲಹಣ ರಾಹುತ ಮತ್ತು ಹೆಂಡತಿ ಸಹಜಾದೇವಿ ಕಟ್ಟಿಸಿದ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಗೆ ಹೆಚ್ಚೆಂದರೆ ‘ಅಪರೂಪದ ಚತುಷ್ಕೂಟ’ ಎಂಬ ಒಂದು ಸಾಲಿನ ಮರ್ಯಾದೆ.

ಹೊರಗೋಡೆ ಸಪ್ಪೆ, ಒಪ್ಪೋಣ. ಆದರೆ ಇಲ್ಲಿನ ನಾಲ್ಕು ಗರ್ಭಗುಡಿಗಳಲ್ಲಿ ಒಂದಾದ ಕಾಳಿಯ ಬಾಗಿಲಿಗೆ ಬನ್ನಿ.

ಎರಡು ಬದಿಗೂ ಆಳೆತ್ತರದ ಬೇತಾಳಗಳು. ಹೊಟ್ಟೆ ಬೆನ್ನಿಗೆ ಅಂಟಿದೆ, ಪಕ್ಕೆಲುಬು ಒಂದೊಂದಾಗಿ ಎಣಿಸಬಹುದು. ಮೈಮೇಲೆ ಬಟ್ಟೆಯಿಲ್ಲ. ಬಳಪದ ಕಲ್ಲು ಎಷ್ಟು ನಾಜೂಕನ್ನಾದರೂ ತಾಳುತ್ತದೆ, ಬೇಲೂರಿನ ಮದನಿಕೆಯರೇ ಸಾಕ್ಷಿ. ಅಂಥ ಕಲ್ಲು ಕೈಯಲ್ಲಿದ್ದೂ ಶಿಲ್ಪಿ ಇಲ್ಲಿ ಅಲಂಕಾರವನ್ನು ತಡೆದುಕೊಂಡಿದ್ದಾನೆ. ಮೂಳೆಯೇ ಇಲ್ಲಿ ಕುಸುರಿ.

ಕೈಪಿಡಿಗಳು ಇವನ್ನು ‘ವಿಕಾರ ರೂಪದ ದ್ವಾರಪಾಲಕರು’ ಎಂದು ಮುಗಿಸಿಬಿಡುತ್ತವೆ. ಎರಡೂ ಪದ ತಪ್ಪು. ಹೊಯ್ಸಳ ದ್ವಾರಪಾಲಕನಿಗೆ ಕಿರೀಟ, ಹಾರ, ಗದೆ ಎಲ್ಲ ಉಂಟು. ಅವನು ನೇಮಕವಾದ ಆಳು. ಬೇತಾಳ ಹಾಗಲ್ಲ, ಅದು ಜಾಗಕ್ಕೆ ಅಂಟಿಕೊಂಡದ್ದು. ಈ ಗೊಂದಲದ ಬೇರು ಹಳೆಯದು. 1876ರ ತನ್ನ ವಾಸ್ತು ಚರಿತ್ರೆಯಲ್ಲಿ ಬ್ರಿಟಿಷ್ ವಿದ್ವಾಂಸ ಫರ್ಗುಸನ್ ಹಳೇಬೀಡನ್ನು ಪಾರ್ಥೆನಾನ್ ಪಕ್ಕದಲ್ಲಿಟ್ಟು ತೂಗಿದ. ಅಂದಿನಿಂದ ನಮ್ಮ ವಿಮರ್ಶಕರು ಕೆತ್ತನೆಯ ಸಮೃದ್ಧಿಯನ್ನೇ ತಕ್ಕಡಿ ಮಾಡಿಕೊಂಡರು. ಆ ತಕ್ಕಡಿಯಲ್ಲಿ ಒಣ ಮೈಗೆ ತೂಕವೆಲ್ಲಿ?

ಹೀಗೆ ಜಾಗಕ್ಕೆ ಅಂಟಿಕೊಂಡವಕ್ಕೆ ಜಪಾನಿನವರಲ್ಲಿ ಪ್ರತ್ಯೇಕ ಪದವೇ ಇದೆ: ‘ಜಿಬಾಕುರೆಯಿ’, ನೆಲಕ್ಕೆ ಕಟ್ಟುಬಿದ್ದ ಪ್ರೇತ. ಹಿಮೇಜಿ ಕೋಟೆಯೊಳಗೆ ಓಕಿಕು ಎಂಬ ಕೆಲಸದವಳ ಹೆಸರಿನ ಬಾವಿಯಿದೆ. ಹತ್ತು ತಟ್ಟೆಗಳಲ್ಲಿ ಒಂದು ಕಳೆಯಿತೆಂದು ಅವಳನ್ನು ಕೊಂದು ಬಾವಿಗೆ ಹಾಕಿದರಂತೆ; ರಾತ್ರಿ ತಟ್ಟೆಗಳನ್ನು ಒಂಬತ್ತರವರೆಗೆ ಎಣಿಸಿ ಅಳುತ್ತಾಳಂತೆ. ಬಾವಿ ಬಿಟ್ಟು ಅವಳು ಕದಲುವುದಿಲ್ಲ. ನಮ್ಮ ‘ಚಂದಮಾಮ’ದ ಬೇತಾಳವೂ ಅದೇ ಜಾತಿಯದು: ವಿಕ್ರಮ ಎಷ್ಟು ಸಲ ಹೊತ್ತು ತಂದರೂ ಹಾರಿಹೋಗಿ ಅದೇ ಮರಕ್ಕೆ ಜೋತುಬೀಳುತ್ತದೆ. ದೊಡ್ಡಗದ್ದವಳ್ಳಿಯಲ್ಲಿ ಮರದ ಬದಲು ಹೊಸ್ತಿಲು, ಅಷ್ಟೇ. (ಓಕಿಕುವಿನಂತೆ ಇವಕ್ಕೊಂದು ಕತೆಯಿಲ್ಲ. ಕತೆ ಕಟ್ಟುವ ಆಸೆ ಗೈಡುಗಳಿಗೆ ಬಿಟ್ಟದ್ದು.)

2020ರ ನವೆಂಬರ್‌ನಲ್ಲಿ ಇದೇ ಕಾಳಿಯ ವಿಗ್ರಹ ಒಡೆದು ಬಿದ್ದದ್ದು ಕಂಡುಬಂತು. ಬಾಗಿಲು ಕಾಯುವ ಆಳುಗಳೆಂದೇ ಹಿಡಿದರೆ ಬೇತಾಳಗಳು ಅಂದು ಕೆಲಸ ಕೆಡಿಸಿದಂತೆ. ಆದರೆ ಅವನ್ನು ಕೆತ್ತಿದ ಬಗೆಯೇ ಬೇರೆ: ಒಳಗೆ ಏನೇ ಆದರೂ ಹೆಜ್ಜೆ ಕಿತ್ತಿಡಲಾರದ ಮೈಗಳು ಅವು.